ಅರಮನೆ ಗೋಡೆಯಲ್ಲಿ ಹೆಸರು ಕೆತ್ತುವ ಶಾಸ್ತ್ರೋಕ್ತ ವಿಧಾನ

ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಒಂದು ದೊಡ್ಡ ತಪ್ಪು ಮಾಡಿದ. ಕಕ್ಕಬ್ಬೆ ಹತ್ತಿರದ ಯವಕಪಾಡಿಯಲ್ಲಿ 1792ರಿಂದ 1794ರ ನಡುವೆ ನಾಲ್ಕುನಾಡು ಅರಮನೆ ಕಟ್ಟಿಸಿದ, ಮರದ ಕಂಬಗಳಿಗೆ ಕೆತ್ತನೆ ಮಾಡಿಸಿದ, ಗೋಡೆಗೆ ಬಣ್ಣದ ಚಿತ್ರ ಬರೆಸಿದ. ಪ್ರವಾಸಿಗರು ಹೆಸರು ಹಾಕಲೆಂದು ಒಂದಡಿ ಜಾಗ ಮಾತ್ರ ಬಿಡಲಿಲ್ಲ. ಆ ಕೊರತೆಯನ್ನು ನಮ್ಮ ಜನ ಕೈಯಾರೆ ತುಂಬಿಕೊಡುತ್ತಿದ್ದಾರೆ. ಶ್ರದ್ಧೆಗೇನೂ ಕಮ್ಮಿಯಿಲ್ಲ, ವಿಧಾನ ಗೊತ್ತಿಲ್ಲ ಅಷ್ಟೆ.

ಸಮಯ: ಅರಮನೆ ಹತ್ತಿರದ, 1748 ಮೀಟರ್ ಎತ್ತರದ ತಡಿಯಂಡಮೋಳ್ ಬೆಟ್ಟ ಹತ್ತಿಳಿದ ಮೇಲೆ. ಬೂಟಿನಲ್ಲಿ ಕೆಸರಿರಲಿ, ಬೆನ್ನಿನ ಚೀಲ ಇಳಿಸಬೇಡಿ. ಕತ್ತಲೆ ಕೋಣೆಯಲ್ಲಿ ಒಮ್ಮೆ ಗಿರಕ್ಕನೆ ತಿರುಗಿದರೆ ಚೀಲದ ಬಕಲ್ಲೇ ಗೋಡೆಗೆ ಮೊದಲ ಗೀರು ಹಾಕುತ್ತದೆ. ನಿಮ್ಮ ಶ್ರಮ ಅಷ್ಟು ಉಳಿಯಿತು.

ಸಲಕರಣೆ: ಬೈಕಿನ ಕೀಲಿ ಉತ್ತಮ. ಬಣ್ಣದ ಪದರ ಕಾಗದದಷ್ಟು ತೆಳು, ಅದರ ಹಿಂದೆ ಸುಣ್ಣದ ಗಾರೆ. ಕೀಲಿ ಒತ್ತಿ ಎಳೆದರೆ ಬಣ್ಣ ಸೀಳಿ ಬಿಳಿ ಸುಣ್ಣ ಇಣುಕುತ್ತದೆ. ಕಪ್ಪು ಹಲಗೆಯ ಮೇಲೆ ಬಳಪದಲ್ಲಿ ಬರೆದಷ್ಟೇ ಸ್ಪಷ್ಟ. ಮಾರ್ಕರ್ ಪೆನ್ನಿಗೆ ಬೇರೆ ಗುಣ. ಅದರ ಶಾಯಿಯನ್ನು ಸುಣ್ಣ ಹೀರಿಕೊಳ್ಳುತ್ತದೆ. ಆಮೇಲೆ ಯಾರಾದರೂ ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಶಾಯಿ ಅಲ್ಲೇ ಉಳಿದು, ಚಿತ್ರದಲ್ಲಿರುವವರ ಮೂಗು ಬಟ್ಟೆಗೆ ಬರುತ್ತದೆ.

ಬರೆಯುವ ಮುನ್ನ ಗೋಡೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಸದ್ದು ಬಂದರೆ ಗಾರೆ ಇನ್ನೂ ಗೋಡೆಗೆ ಅಂಟಿದೆ ಎಂದರ್ಥ. ಡಬ್ಬದಂತೆ ಟೊಳ್ಳು ಸದ್ದು ಬಂದರೆ ಒಳಗೆ ಬಿಟ್ಟುಕೊಂಡಿದೆ. ಅಲ್ಲಿ ಒಂದಕ್ಷರ ಕೆತ್ತಿದರೂ ಅಂಗೈಯಗಲದ ಹೆಂಟೆ ಕೆಳಗೆ ಬೀಳುತ್ತದೆ. ಹೃದಯಕ್ಕೆ ಬಾಣ ಹೊಡೆಯುವವರೂ ಎಚ್ಚರ ವಹಿಸಬೇಕು. ಎರಡು ಗೀರು ಒಂದನ್ನೊಂದು ದಾಟುವಲ್ಲೇ ಗಾರೆ ಮೊದಲು ಚಕ್ಕೆ ಏಳುವುದು. ಪ್ರೇಮ ಮುರಿಯುವ ಮೊದಲೇ ಗೋಡೆ ಮುರಿದಿರುತ್ತದೆ.

ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನಿಗೆ ಈ ವಿದ್ಯೆ ತಿಳಿದಿರಲಿಲ್ಲ. 1834ರಲ್ಲಿ ಇಂಗ್ಲಿಷರ ಸೇನೆ ಕೊಡಗಿಗೆ ನುಗ್ಗಿದಾಗ ಆತ ಬಂದು ಕೂತದ್ದು ಇದೇ ಅರಮನೆಯಲ್ಲಿ. ಬೇಸರ ಕಳೆಯಲು ಹೆಸರು ಕೆತ್ತಬಹುದಿತ್ತು. (ಹಗೆ ಹುಡುಕುತ್ತಿರುವಾಗ ಗೋಡೆಯ ಮೇಲೆ ವಿಳಾಸ ಬರೆದಿಡುವುದು ಜಾಣತನವಲ್ಲ ಅನ್ನಿ.)

ವಿಳಾಸ ಅಂದಾಗ ನೆನಪಾಯಿತು, ಕಾನೂನು. ಇದೇ ಕಲೆಯನ್ನು ಮಡಿಕೇರಿ ಕೋಟೆಯಲ್ಲಿ ತೋರಿಸಿದರೆ, ಅದು ಕೇಂದ್ರದ ಸಂರಕ್ಷಿತ ಸ್ಮಾರಕವಾದ್ದರಿಂದ, 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಮತ್ತು ಅದರ 2010ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾಕ್ಷಿ ಹುಡುಕುವ ಕಷ್ಟ ಪೊಲೀಸರಿಗಿಲ್ಲ. ಹೆಸರು, ಇನಿಷಿಯಲ್, ಊರು, ತಾರೀಕು, ಜೊತೆಗಿದ್ದವಳ ಹೆಸರು, ಎಲ್ಲವನ್ನೂ ಆರೋಪಿಯೇ ದುಂಡಕ್ಷರದಲ್ಲಿ ಬರೆದಿರುತ್ತಾನೆ. ಆಧಾರ್ ನಂಬರ್ ಒಂದು ಬಾಕಿ.

ಇನ್ನು ರಿಪೇರಿ. ಸರಿಯಾದ ದಾರಿಯಲ್ಲಿ ಹೋದರೆ ನೆನೆಹಾಕಿದ ಸುಣ್ಣ, ಜರಡಿ ಹಿಡಿದ ಮರಳು, ತಿಂಗಳುಗಟ್ಟಲೆ ತಾಳ್ಮೆ ಬೇಕು. ಸುಲಭದ ದಾರಿಗೆ ಒಂದು ಬಾಂಡ್ಲಿ ಸಿಮೆಂಟು ಸಾಕು. ಸುಣ್ಣದ ಗೋಡೆ ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಗೆಯಲ್ಲಿ ಹೊರಗೆ ಬಿಟ್ಟು ಉಸಿರಾಡುತ್ತದೆ. ಸಿಮೆಂಟು ಅದರ ಬಾಯಿ ಮುಚ್ಚುತ್ತದೆ. ಒಳಗೆ ಸಿಕ್ಕಿದ ನೀರು ಪಕ್ಕದ ಹಳೆ ಗಾರೆಗೆ ಸರಿದು, ಅಲ್ಲಿ ಉಪ್ಪು ಬಿಳಿ ಹೂವಿನಂತೆ ಅರಳಿ, ಯಾರೂ ಮುಟ್ಟದ ಚಿತ್ರವನ್ನೂ ಒಳಗಿನಿಂದಲೇ ತಳ್ಳಿ ಉದುರಿಸುತ್ತದೆ. ಕೀಲಿಗೆ ಎಟುಕದ ಎತ್ತರವೂ ಹೀಗೆ ಮುಗಿಯುತ್ತದೆ.

ನಿಮ್ಮ ಹೆಸರು ಶಾಶ್ವತವಾಗಿ ಉಳಿಯುತ್ತದೆಯೇ ಎಂಬ ಪ್ರಶ್ನೆಗೂ ಉತ್ತರವಿದೆ. ಗೀರಿನ ಅಂಚಿಗೆ ಕೊಡಗಿನ ಮಳೆಗಾಲದ ಥಂಡಿ ಹೊಕ್ಕಿತೆಂದರೆ ಚಕ್ಕೆ ಏಳಲು ಶುರು. ಕೊಡವರ ಜಡಿಮಳೆಯ ತಿಂಗಳಾದ ಈ ಕಕ್ಕಡದಲ್ಲಿ ‘ರಮೇಶ್’ ಇದ್ದದ್ದು ಮುಂದಿನ ಕಕ್ಕಡಕ್ಕೆ ‘ಮೇಶ್’. ಅದರ ಮುಂದಿನ ವರ್ಷ ಬರೀ ‘ಶ್’.