ಹ್ಞೂಂ ಅಂದಿದ್ದೇ ತಪ್ಪಾಯ್ತು

ಮೊಮ್ಮಗಳ ಜಾವಳದ ಫೋಟೋ ತೋರಿಸೋಣ ಅಂತ ಬೀಗರನ್ನು ಕಂಪ್ಯೂಟರ್ ಮುಂದೆ ಕೂರಿಸಿದ್ದೆ. ನಾಲ್ಕನೇ ಫೋಟೋದಲ್ಲಿ ಮಗು ಬಾಯಿ ಅಗಲ ಮಾಡಿ ಅಳುತ್ತಿತ್ತು. ಬೀಗರು “ಅಯ್ಯ ನನ್ನ ಕೂಸ” ಅಂದರು. ಅಷ್ಟರಲ್ಲಿ ಪರದೆಯ ಬಲಗಡೆ ಕೆಳಗಿನ ಮೂಲೆಯಿಂದ ಟಿಣ್ ಅಂತ ಒಂದು ಚೌಕ ಎದ್ದಿತು. ಅದರೊಳಗೆ ಒಬ್ಬ ಹೆಂಗಸು ಕಣ್ಣು ಹೊಡೆಯುತ್ತಿದ್ದಳು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಹುಬ್ಲಿಯಲ್ಲಿ ಒಂಟಿ ಮಹಿಳೆಯರು ನಿಮಗಾಗಿ ಕಾಯುತ್ತಿದ್ದಾರೆ.

ಬೀಗರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು. ಬೀಗತಿ ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತು ಅಂತ ಹುಡುಕತೊಡಗಿದರು. ನನ್ನ ಹೆಂಡತಿ ಚಹಾದ ಟ್ರೇ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ಮೊನ್ನೆ ಹುಬ್ಬಳ್ಳಿಗೆ ಯಾಕ ಹೋಗಿದ್ರಿ?” ಅಂದಳು.

ನಾನು ಹೋಗಿದ್ದು ಅಲ್ಲಿನ ದುರ್ಗದ ಬೈಲು ಪೇಟೆಗೆ, ಕುಕ್ಕರಿನ ರಬ್ಬರ್ ತರಲು. ತಂದ ರಬ್ಬರ್ ಅಳತೆ ತಪ್ಪಿತ್ತು. ಆ ಜಗಳವೇ ಇನ್ನೂ ಮುಗಿದಿರಲಿಲ್ಲ, ಅದರ ಮೇಲೆ ಇದು. ನನ್ನ ಕೈಯಲ್ಲಿ ಒಂದೇ ಒಂದು ಸಾಕ್ಷಿ ಇತ್ತು. ಆ ಹೆಂಗಸರು ‘ಹುಬ್ಲಿ’ ಅಂತ ಬರೆದಿದ್ದರು. 2014ರ ನವೆಂಬರ್ 1ರಿಂದ ಅದು ಸರ್ಕಾರಿ ಲೆಕ್ಕದಲ್ಲೂ ಹುಬ್ಬಳ್ಳಿ ಆಗಿದೆ. ಅಷ್ಟೂ ಗೊತ್ತಿಲ್ಲದವರು ಇಲ್ಲಿಯವರು ಹೇಗಾದಾರು? ಈ ವಾದವನ್ನು ಹೆಂಡತಿಯ ಮುಂದಿಟ್ಟೆ. ನಡೆಯಲಿಲ್ಲ.

ಆಮೇಲೆ ತಿಳಿಯಿತು, ಅಲ್ಲಿ ಹೆಂಗಸೂ ಇಲ್ಲ, ಕಾಯುವುದೂ ಇಲ್ಲ. ನಮ್ಮ ಇಂಟರ್ನೆಟ್ಟಿಗೆ ಐಪಿ ಅಡ್ರೆಸ್ ಅಂತ ಒಂದು ನಂಬರ್ ಇರುತ್ತದೆ. ಅದನ್ನು ನೋಡಿ ಜಾಹೀರಾತು ಊರು ಯಾವುದು ಅಂತ ಅಂದಾಜು ಮಾಡಿ ಹೆಸರು ತುಂಬಿಕೊಳ್ಳುತ್ತದೆ. ಗದಗಿನಲ್ಲಿ ತೆರೆದರೆ ಅದೇ ಹೆಂಗಸು ಗದಗಿನಲ್ಲಿ ಕಾಯುತ್ತಾಳೆ. ಆದರೆ ನಾವಿರುವುದು ಧಾರವಾಡದ ಸಪ್ತಾಪುರದಲ್ಲಿ! 1962ರಿಂದ ಎರಡೂ ಊರಿಗೆ ಪಾಲಿಕೆ ಒಂದೇ ಇರಬಹುದು. ಹಾಗಂತ 20 ಕಿಲೋಮೀಟರ್ ಆಚೆಯ ಹೆಂಗಸನ್ನು ನಮ್ಮ ತಲೆಗೆ ಕಟ್ಟುವುದಾ?

ಇದೆಲ್ಲ ಶುರುವಾದದ್ದು ಕನ್ನಡ ಸೇವೆಯಿಂದ. ನಾನು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ ಆಗಿದ್ದವನು. ನಿವೃತ್ತಿ ಆದ ಮೇಲೆ ಹಳೆಯ ವಿದ್ಯಾರ್ಥಿಗಳು ಬಂದು, ಶಾಲೆಯ ಸ್ಮರಣ ಸಂಚಿಕೆ ತರೋಣ, ಸಂಪಾದಕರು ನೀವೇ ಆಗಬೇಕು ಅಂದರು. ಹ್ಞೂಂ ಅಂದೆ. ನನ್ನ ಜೀವನದ ಎಲ್ಲ ತಾಪತ್ರಯಗಳೂ ಈ ಹ್ಞೂಂನಿಂದಲೇ ಶುರುವಾಗಿವೆ, ಮದುವೆ ಒಂದನ್ನು ಬಿಟ್ಟು. (ಇದನ್ನು ಹೆಂಡತಿ ಓದುತ್ತಾಳೆ.)

ಬಂದ ಲೇಖನಗಳಲ್ಲಿ ಅರ್ಧ, ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಕಾಣುವುದಿಲ್ಲ. ತಲೆ ಮೇಲೆ ಟೋಪಿ, ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ‘ಕನ್ನಡ’ ಅನ್ನುವ ಪದದ ನಡುವೆಯೇ ಒಂದು ಪೌಂಡಿನ ಗುರುತು ಕೂತಿರುತ್ತದೆ, ಬ್ರಿಟಿಷರು ಇನ್ನೂ ಹೋಗಿಲ್ಲವೇನೋ ಅನ್ನುವ ಹಾಗೆ. ಎಲ್ಲವನ್ನೂ ಯೂನಿಕೋಡ್ ಮಾಡಿ ಕೊಡ್ರಿ ಅಂದ ಪ್ರೆಸ್ಸಿನವನು, ಅಂದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ. ಇದಕ್ಕೂ ಹ್ಞೂಂ ಅಂದೆ.

ಹಾಗೆ ಬದಲಿಸಿಕೊಡುವ ಪರಿವರ್ತಕ ಹುಡುಕಿದಾಗ ಒಂದು ಪುಟ ಸಿಕ್ಕಿತು. ಅದರಲ್ಲಿ ಡೌನ್‌ಲೋಡ್ ಅಂತ ಐದು ಹಸಿರು ಬಟನ್. ನಾಲ್ಕು ಅಂಗೈ ಅಗಲದವು, ಒಂದು ಸಣ್ಣದು. ಧಾರವಾಡದ ಲೈನ್ ಬಜಾರಿಗೆ ಮೊದಲ ಸಲ ಪೇಢೆ ಕೊಳ್ಳಲು ಬಂದು, ಯಾವ ಅಂಗಡಿ ಅಂತ ತಿಳಿಯದ ಪರಊರಿನವನ ಹಾಗೆ ಸ್ವಲ್ಪ ಹೊತ್ತು ನಿಂತೆ. ಕೊನೆಗೆ ಎಲ್ಲಕ್ಕಿಂತ ದೊಡ್ಡದನ್ನು ಒತ್ತಿದೆ. ಅಸಲಿ ಬಟನ್ ಯಾವಾಗಲೂ ಸಣ್ಣದೇ ಅಂತೆ.

ಅದು ‘ನೆಕ್ಸ್ಟ್’ ಅಂದಿತು, ಹ್ಞೂಂ ಅಂದೆ. ‘ಐ ಅಗ್ರೀ’ ಅಂದಿತು. ಅಷ್ಟು ಮರ್ಯಾದೆಯಿಂದ ಕೇಳಿದರೆ ಒಪ್ಪದೆ ಇರುವುದು ಹೇಗೆ? ಆಮೇಲೆ ಎರಡು ದಾರಿ ತೋರಿಸಿತು. ಒಂದು ‘ಎಕ್ಸ್‌ಪ್ರೆಸ್, ರೆಕಮೆಂಡೆಡ್’. ಇನ್ನೊಂದು ಬೂದು ಬಣ್ಣದಲ್ಲಿ ‘ಕಸ್ಟಮ್’. ಶಿಫಾರಸು ಇದ್ದದ್ದನ್ನು ಬಿಡುವ ಮಂದಿ ನಾವಲ್ಲ. ಆ ಬೂದು ದಾರಿ ಹಿಡಿದಿದ್ದರೆ ಕಾಣುತ್ತಿತ್ತು: ಹವಾಮಾನ ಹೇಳುವ ಪಟ್ಟಿ, ಕಂಪ್ಯೂಟರಿನ ವೇಗ ಹೆಚ್ಚಿಸುವ ಔಷಧ, ಕೂಪನ್ ಹುಡುಕಿಕೊಡುವ ಸಹಾಯಕ. ಎಲ್ಲಕ್ಕೂ ಅವರೇ ಟಿಕ್ ಹಾಕಿಟ್ಟಿದ್ದರು. ಲಗ್ನಕ್ಕೆ ಒಬ್ಬರನ್ನು ಕರೆದರೆ ಟೆಂಪೋ ತುಂಬ ಬಂದಿಳಿದ ಹಾಗೆ.

ಕೊನೆಯಲ್ಲಿ ಇನ್ನೊಂದು ಪುಟ. ನೀವು ರೋಬೋಟ್ ಅಲ್ಲ ಅಂತ ತೋರಿಸಲು ‘ಅಲೌ’ ಒತ್ತಿ. 34 ವರ್ಷ ಪಾಠ ಮಾಡಿದ್ದೇನೆ, ನೀನು ಮನುಷ್ಯನಾ ಅಂತ ಹೆಡ್‌ಮಾಸ್ತರೂ ಕೇಳಿರಲಿಲ್ಲ. ಒತ್ತಿದೆ. ಹೀಗೆ ಎಲ್ಲ ಇಳಿಯಿತು, ನನಗೆ ಬೇಕಾದ ಪರಿವರ್ತಕ ಒಂದು ಮಾತ್ರ ಇಳಿಯಲಿಲ್ಲ.

ಮರುದಿನದಿಂದ ಮನೆ ನನ್ನದಲ್ಲ ಅನ್ನಿಸತೊಡಗಿತು. ಬ್ರೌಸರ್ ತೆರೆದರೆ ಗೂಗಲ್ ಬದಲು ಎಂಥದೋ ಬೇರೆ ಪುಟ. ಸರ್ವಜ್ಞನ ತ್ರಿಪದಿ ಹುಡುಕಿದರೆ ಚಪ್ಪಲಿ ಬಂತು. ಹತ್ತು ನಿಮಿಷಕ್ಕೊಮ್ಮೆ ಮೂಲೆಯಿಂದ ಟಿಣ್. ಕೂದಲು ಉದುರುವುದಕ್ಕೆ ಒಂದು, ಸಾಲಕ್ಕೆ ಒಂದು, ಮೊಣಕಾಲು ನೋವಿನ ಎಣ್ಣೆಗೆ ಒಂದು. ಎಣ್ಣೆಯದು ಬಂದಾಗ ಮಾತ್ರ ಹೆಂಡತಿ ಕಸಬರಿಗೆ ನಿಲ್ಲಿಸಿ ಓದುತ್ತಿದ್ದಳು.

ಬೀಗರು ಹೋದ ಮೂರನೇ ದಿನ ಪರದೆ ಪೂರ್ತಿ ಕೆಂಪಾಯಿತು. ಸೈರನ್ ಹೊಡೆಯತೊಡಗಿತು. ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಕೂಗುತ್ತಿದ್ದಳು: ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಆಫ್ ಮಾಡಬೇಡಿ, ಕೂಡಲೇ ಈ ನಂಬರಿಗೆ ಫೋನ್ ಮಾಡಿ. ಮೌಸ್ ಒತ್ತಿದರೂ ಹೋಗಲಿಲ್ಲ. ಪಕ್ಕದ ಮನೆಯವರು ಆಂಬುಲೆನ್ಸ್ ಬಂತು ಅಂತ ಹೊರಗೆ ಬಂದರು. ನಡುಗುವ ಕೈಯಲ್ಲಿ ಮೊಬೈಲ್ ತೆಗೆದು ನಂಬರ್ ಒತ್ತತೊಡಗಿದೆ. ಆರು ಅಂಕಿ ಒತ್ತಿದ್ದೆ, ಕರೆಂಟ್ ಹೋಯಿತು. ಯುಪಿಎಸ್ ಎರಡು ವರ್ಷದ ಹಿಂದೆಯೇ ಸತ್ತಿತ್ತು. ಕೆಂಪು, ಸೈರನ್, ನಂಬರ್ ಎಲ್ಲ ಒಟ್ಟಿಗೆ ಮಾಯ. ಕರೆಂಟ್ ಹೋಗಿದ್ದಕ್ಕೆ ಕೈಮುಗಿದದ್ದು ಅದೇ ಮೊದಲು.

ಅದು ಕಂಪ್ಯೂಟರಿನ ಎಚ್ಚರಿಕೆಯೇ ಅಲ್ಲ, ಬರೀ ಒಂದು ವೆಬ್ ಪುಟ. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಆಲ್ಟ್ ಮತ್ತು ಎಫ್4 ಕೂಡಿಸಿ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಅದಕ್ಕೂ ಜಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ, ಬರುವ ಪಟ್ಟಿಯಲ್ಲಿ ಬ್ರೌಸರನ್ನೇ ಮುಗಿಸಬೇಕು. ನನಗೆ ಆಗ ಇದು ಗೊತ್ತಿರಲಿಲ್ಲ. ಕರೆಂಟಿನವರಿಗೆ ಗೊತ್ತಿತ್ತು ಅಂತ ಕಾಣುತ್ತದೆ.

ಹೀಗೆ ತಾನಾಗಿ ಎದ್ದು ಬರುವ ಪಾಪ್‌ಅಪ್ ಜಾಹೀರಾತು ಅನ್ನುವುದನ್ನು ಮೊದಲು ಮಾಡಿದ ಪುಣ್ಯಾತ್ಮ ಯಾರು ಅಂತ ಆ ರಾತ್ರಿ ಮೊಬೈಲಿನಲ್ಲಿ ಹುಡುಕಿದೆ. ಅಮೆರಿಕದ ಈಥನ್ ಜುಕರ್‌ಮನ್. ಫೇಸ್‌ಬುಕ್ಕಿನವನಲ್ಲ, ಇವನೇ ಬೇರೆ. 1990ರ ದಶಕದಲ್ಲಿ ಟ್ರೈಪಾಡ್ ಅನ್ನುವ ಕಂಪನಿಯಲ್ಲಿದ್ದ. ತನ್ನ ಜಾಹೀರಾತು ಒಂದು ಪೋಲಿ ಪುಟದ ಮೇಲೆ ಬಂತು ಅಂತ ಒಂದು ಕಾರು ಕಂಪನಿ ಸಿಟ್ಟಾಯಿತಂತೆ. ಪುಟಕ್ಕೂ ಜಾಹೀರಾತಿಗೂ ಸಂಬಂಧ ಇಲ್ಲ ಅಂತ ಕಾಣಲಿ ಎಂದು ಇವನು ಜಾಹೀರಾತನ್ನು ಬೇರೆ ಕಿಟಕಿಯಲ್ಲಿ ತೆರೆಸಿದ. ಅಂದರೆ ಮರ್ಯಾದೆ ಉಳಿಸಲು ಹೊರಟ ಕೆಲಸ ಅದು! ನನ್ನ ಮರ್ಯಾದೆ ಬೀಗರ ಮುಂದೆ ಹೋಯಿತು. 2014ರಲ್ಲಿ ಅವನು ದಿ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಬರೆದು ಲೋಕದ ಕ್ಷಮೆ ಕೇಳಿದ್ದಾನೆ. ಹುಬ್ಬಳ್ಳಿಯ ಹೆಸರು ಸರಿಹೋದ ವರ್ಷವೇ. ಕ್ಷಮಿಸೋಣ ಅಂದೆ. “ನೀವು ಯಾರಿಗೆ ಬ್ಯಾಡ ಅಂದೀರಿ?” ಅಂದಳು ಹೆಂಡತಿ.

ಹುಬ್ಬಳ್ಳಿಯ ಒಂದು ಅಂಗಡಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಆತ “ಫಾರ್ಮ್ಯಾಟ್ ಹೊಡೀಬೇಕ್ರಿ ಸರ, ಐನೂರು ರೂಪಾಯಿ” ಅಂದ. ಸಿಪಿಯುವನ್ನು ಹಳೇ ಚಾದರಿನಲ್ಲಿ ಸುತ್ತಿ, ಚಿಗರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಪಕ್ಕದ ಅಜ್ಜಿ ನವಲೂರಿನ ತನಕ ತಡೆದುಕೊಂಡಳು.

“ಏನ್ ತಮ್ಮಾ ಅದು?”

“ಕಂಪ್ಯೂಟರ್ ಬೇ. ಜಾಹೀರಾತು ಭಾಳ ಬರಾಕತ್ತಾವು.”

“ಟಿವಿಯೊಳಗೂ ಬರ್ತಾವು. ಹಂಗಂತ ನಾವೇನು ಟಿವಿ ಹೊತ್ಕೊಂಡು ಅಡ್ಡಾಡ್ತೇವೇನು?”

ಉತ್ತರ ಹೊಳೆಯಲಿಲ್ಲ.

ಒಳಗಿದ್ದದ್ದನ್ನೆಲ್ಲ ಅಳಿಸಿಸಿ, ಸಂಜೆ ಹೊಚ್ಚ ಹೊಸದರಂತೆ ಮನೆಗೆ ತಂದೆ. ಬ್ರೌಸರ್ ಹಾಕಿ ನನ್ನ ಖಾತೆಯಿಂದ ಒಳಗೆ ಹೋದೆ. ಹಳೇ ಬುಕ್‌ಮಾರ್ಕುಗಳು ತಾವಾಗಿಯೇ ಬಂದವು. ಸಂತೋಷವಾಯಿತು. ಹಿಂದೆಯೇ ಕೂಪನ್ ಸಹಾಯಕ ಬಂದ. ಅವನ ಹಿಂದೆ ಆ ಎಂಥದೋ ಪುಟ ಬಂತು. ಯೂನಿಕೋಡ್ ಕೆಲಸ ಹಾಗೇ ಬಾಕಿ ಇತ್ತಲ್ಲ, ಅದೇ ಜಾಗಕ್ಕೆ ಮತ್ತೆ ಹೋದೆ. ಈ ಸಲ ಹುಷಾರಾಗಿ ಎರಡನೇ ಹಸಿರು ಬಟನ್ ಒತ್ತಿದೆ. ರಾತ್ರಿ ಒಂಬತ್ತಕ್ಕೆ ಟಿಣ್ ಅಂದಿತು. ಹುಬ್ಲಿಯವಳು ಇನ್ನೂ ಕಾಯುತ್ತಿದ್ದಳು, ಪಾಪ.

ಎದುರು ಮನೆಯ ಹುಡುಗಿ ಬಿಸಿಎ ಓದುತ್ತಾಳೆ. ಆಕೆಯನ್ನು ಮೊದಲೇ ಯಾಕೆ ಕರೆಯಲಿಲ್ಲ ಅಂದರೆ, ಆಕೆ ನನ್ನ ವಿದ್ಯಾರ್ಥಿಯ ಮಗಳು. ಮಾಸ್ತರಿಕೆಗೂ ಒಂದು ಮಾನ ಇರುತ್ತದೆ.

“ಏನೇನು ಒತ್ತೀರಿ ಕಾಕಾ?” ಅಂದಳು.

“ಭಾಳೇನಿಲ್ಲವಾ. ಕೇಳಿದ್ದಕ್ಕೆಲ್ಲಾ ಹ್ಞೂಂ ಅಂದೇನಿ.”

ಮೂಲೆಯ ಚೌಕ ಬರುವವರೆಗೆ ಸುಮ್ನೆ ಕಾದಳು. ಬಂದ ಕೂಡಲೇ ಕತ್ತರಿ ಗುರುತು ಹುಡುಕಲಿಲ್ಲ, ಅದರಲ್ಲಿ ಸಣ್ಣಗೆ ಬರೆದಿದ್ದ ಸೈಟಿನ ಹೆಸರು ಓದಿದಳು. ಇದು ವೈರಸ್ ಅಲ್ಲ ಕಾಕಾ, ನೀವೇ ಕೊಟ್ಟ ಪರವಾನಗಿ ಅಂದಳು. ಬ್ರೌಸರಿನ ಸೆಟ್ಟಿಂಗ್ಸ್ ಒಳಗೆ ನೋಟಿಫಿಕೇಶನ್ ಅನ್ನುವ ಕಡೆ ಒಂದು ಪಟ್ಟಿ ಇತ್ತು, ನಾನು ಅಲೌ ಅಂದವರದ್ದು. ಹನ್ನೊಂದು ಮಂದಿ, ಅದೂ ಒಂದೇ ಸಂಜೆಯಲ್ಲಿ! ಒಬ್ಬೊಬ್ಬರನ್ನೇ ಹೊರಗೆ ಹಾಕಿದಳು. ಇನ್ನು ಮುಂದೆ ಯಾವ ಸೈಟೂ ಕೇಳದ ಹಾಗೆ ಮಾಡಿದಳು. ಮೂಲೆ ತಣ್ಣಗಾಯಿತು.

“ಹಂಗಾರ ಫಾರ್ಮ್ಯಾಟ್ ಹೊಡೆದರೂ ಆ ಕೂಪನ್ನಿನವ ಹೆಂಗ ಬಂದ?”

“ಸಿಂಕ್ ಇರ್ತೈತಲ್ರೀ ಕಾಕಾ. ಹಳೇ ಮನಿ ಬಿಟ್ಟು ಹೊಸ ಮನಿಗೆ ಹೋಗುವಾಗ ತಗಣಿ ಇದ್ದ ಹಾಸಿಗೀನೂ ಒಯ್ದಂಗ.”

ಅಂದರೆ ಕಂಪ್ಯೂಟರ್ ತೊಳೆದರೂ ಖಾತೆಯಲ್ಲಿ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಅಂಟಿಕೊಳ್ಳುವ ಸಣ್ಣ ಪ್ರೋಗ್ರಾಂ, ಉಳಿದಿತ್ತು. ಒಳಗೆ ಹೋದ ಕೂಡಲೇ ಅದೇ ಇಳಿದು ಬಂತು. ಐನೂರು ರೂಪಾಯಿಗೆ ನೆಲ ಒರೆಸಿದಂತಾಯಿತು, ಹಾಸಿಗೆ ಹಾಗೇ ಇತ್ತು. ಎಕ್ಸ್‌ಟೆನ್ಶನ್ ಕಿತ್ತಳು, ಬ್ರೌಸರ್ ರೀಸೆಟ್ ಮಾಡಿದಳು.

ಆಮೇಲೆ ಕಂಪ್ಯೂಟರಿನಲ್ಲಿರುವ ಪ್ರೋಗ್ರಾಂಗಳ ಪಟ್ಟಿ ತೆಗೆದು ತಾರೀಕಿನ ಪ್ರಕಾರ ಜೋಡಿಸಿದಳು. ಇದು ನನಗೆ ಭಾಳ ಹಿಡಿಸಿತು. ಒಂದೇ ದಿನ ಒಟ್ಟಿಗೆ ಬಂದ ನಾಲ್ವರು ಸಾಲಾಗಿ ನಿಂತಿದ್ದರು, ತಡವಾಗಿ ಬಂದು ಕ್ಲಾಸಿನ ಹೊರಗೆ ನಿಂತ ಹುಡುಗರ ಹಾಗೆ. ಮೊದಲನೆಯದನ್ನು ನೀವೇ ತೆಗೀರಿ ಅಂತ ಮೌಸ್ ಕೊಟ್ಟಳು. ಅನ್‌ಇನ್‌ಸ್ಟಾಲ್ ಒತ್ತಿದೆ. ಅಳುವ ಮುಖದ ಗೊಂಬೆಯೊಂದು ಎದ್ದಿತು. ನಿಜವಾಗಿಯೂ ನಮ್ಮನ್ನು ಬಿಟ್ಟು ಹೋಗುತ್ತೀರಾ ಅಂತ ಕೇಳಿತು. ಕೆಳಗೆ ‘ಇಟ್ಟುಕೊಳ್ಳುವೆ’ ಅಂತ ದೊಡ್ಡ ಹಸಿರು ಬಟನ್. ‘ತೆಗೆದುಹಾಕು’ ಅನ್ನುವುದು ಇರುವೆಯಷ್ಟು. ನನ್ನ ಕೈ ಹಸಿರಿನ ಕಡೆ ಸರಿಯಿತು.

“ಕಾಕಾ!”

“ಇರಲಿ ಬಿಡವಾ, ಒಂದ ಅಲ್ಲೇನು...”

ಮೌಸ್ ವಾಪಸ್ ಕಸಿದುಕೊಂಡಳು. ಅದನ್ನೂ ಉಳಿದ ಮೂರನ್ನೂ ಆಕೆಯೇ ತೆಗೆದಳು. ಡೆಸ್ಕ್‌ಟಾಪಿನ ಬ್ರೌಸರ್ ಗುರುತಿಗೂ ಒಂದು ಬಾಲ ಹಚ್ಚಿದ್ದರು. ಪ್ರಾಪರ್ಟೀಸ್ ತೆರೆದರೆ ಅಸಲಿ ಹೆಸರಿನ ಮುಂದೆ ಯಾವುದೋ ಸೈಟಿನ ವಿಳಾಸ. ಅದನ್ನು ಕತ್ತರಿಸಿದಳು. ಗಂಟೆಗೊಮ್ಮೆ ತಾನಾಗಿ ಎದ್ದು ಜಾಹೀರಾತು ತೆರೆಯುವ ಒಂದು ಅಲಾರಂ ಟಾಸ್ಕ್ ಶೆಡ್ಯೂಲರ್ ಒಳಗೆ ಅಡಗಿತ್ತು, ಅದೂ ಹೋಯಿತು. ಕೊನೆಗೆ ಮಾಲ್‌ವೇರ್‌ಬೈಟ್ಸ್‌ನವರ ಆಡ್‌ಡಬ್ಲ್ಯೂಕ್ಲೀನರ್ ಅನ್ನುವ ಪುಕ್ಕಟೆ ಸಾಧನವನ್ನು ಅವರದೇ ಸೈಟಿನಿಂದ ಇಳಿಸಿ ಓಡಿಸಿದಳು. ಅದು ಮೂಲೆಮುರುಕಲಿನಿಂದ ಇನ್ನಷ್ಟು ಕಸ ಗುಡಿಸಿ ತಂದಿತು. ಹಾಳಾದ್ದು, ಫಾರ್ಮ್ಯಾಟ್ ಆಗಿ ಒಂದೇ ದಿನ ಆಗಿತ್ತು.

ಯೂನಿಕೋಡ್ ಕೆಲಸಕ್ಕೆ ಏನೂ ಇಳಿಸುವುದೇ ಬೇಡವಂತೆ. ಒಂದು ವೆಬ್ ಪುಟದಲ್ಲಿ ಅಂಟಿಸಿ ಒಂದು ಬಟನ್ ಒತ್ತಿದಳು. ಪೌಂಡಿನ ಗುರುತುಗಳು ಹೋಗಿ ಕನ್ನಡ ಎದ್ದು ಕೂತಿತು. ಅಲ್ಲಲ್ಲಿ ಅರ್ಕಾವೊತ್ತು ಪಕ್ಕದ ಮನೆ ಸೇರಿತ್ತು, ಅದನ್ನು ತಿದ್ದುವುದು ನನಗೆ ಬರುವ ಕೆಲಸ. ಗಿರ್ಮಿಟ್ಟು, ಮಿರ್ಚಿ ತರಿಸಿ ಕೊಟ್ಟೆವು. ತಿನ್ನುವಾಗ ಹೆಂಡತಿ ಮೆಲ್ಲಗೆ ಕೇಳಿದಳು:

“ಆ ಮೊಣಕಾಲಿನ ಎಣ್ಣಿದು ಒಂದ ಬರೂಹಂಗ ಇಡಾಕ ಬರ್ತೈತೇನವಾ?”

ಹುಡುಗಿ ಹೋಗಿ ಅರ್ಧ ಗಂಟೆ ಆಗಿರಲಿಲ್ಲ, ಬೆಳಗಾವಿಯಿಂದ ಬೀಗರ ಫೋನು. ಮೊದಲು ಮಳೆ ಕೇಳಿದರು. ಆಮೇಲೆ ಮೊಮ್ಮಗಳನ್ನು ಕೇಳಿದರು. ಆಮೇಲೆ ಕಂಪ್ಯೂಟರ್ ಹೇಗಿದೆ ಅಂತ ಕೇಳಿದರು. ಎಲ್ಲ ಸ್ವಚ್ಛ ಆತ್ರಿ, ಎದುರು ಮನೆಯ ಹುಡುಗಿ ಮಾಡಿದಳು ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಬಾಗಿಲು ಹಾಕಿಕೊಂಡ ಸಪ್ಪಳ ಕೇಳಿತು.

“ನಮ್ಮ ಕಡೆ ಬೆಲ್ಗಾಮ್ ಅಂತ ತೋರಸ್ತೈತ್ರಿ ಬೀಗರ” ಅಂದರು, ಪಿಸುಮಾತಿನಲ್ಲಿ. “ಮನ್ಯಾಗಿನಾಕಿ ತವರಿಗೆ ಹೋಗ್ಯಾಳ, ನಾಳೆ ಮುಂಜಾನೆ ಬರ್ತಾಳ. ಆ ಹುಡಿಗಿನ್ನ ಇವತ್ತ ಕಳಸಾಕ ಆಗ್ತೈತೇನು?”