ಗಂಡನ ಸಹಿ ಯಾಕೆ ಬೇಕು?

ಗರ್ಭಪಾತಕ್ಕೆ ಗಂಡನ ಒಪ್ಪಿಗೆ ಕಡ್ಡಾಯ ಆಗಬೇಕು ಅಂತ ಲೇಖನದಲ್ಲಿ ಬರೆದಿದ್ದೀರಿ. ನಾನು ಖಂಡಿತ ಒಪ್ಪುವುದಿಲ್ಲ.

ನಾನು ಸಕಲೇಶಪುರದ ಕಡೆಯವಳು. ಪಕ್ಕದ ಕಾಫಿ ತೋಟದ ಲೈನ್ ಮನೆಯಲ್ಲಿದ್ದ ಒಬ್ಬಳಿಗೆ ಮೂರನೇ ಮಗುವಿಗೆ ವರ್ಷ ತುಂಬುವ ಮೊದಲೇ ಮತ್ತೆ ಬಸಿರು ನಿಂತಿತು. ಮೈಯಲ್ಲಿ ರಕ್ತವೇ ಇರಲಿಲ್ಲ. ಗಂಡ ಮನೆ ಬಿಟ್ಟು ಹೋಗಿ ತಿಂಗಳ ಮೇಲಾಗಿತ್ತು. ಅವಳು ಕೂಲಿ ಬಿಟ್ಟು, ಮಗುವನ್ನು ಸೊಂಟದ ಮೇಲೆ ಹೊತ್ತು, ನನ್ನ ಜೊತೆ ಬಸ್ಸಿನಲ್ಲಿ ಹಾಸನದ ಒಂದು ಆಸ್ಪತ್ರೆಗೆ ಬಂದರೆ, ಅಲ್ಲಿ ಗಂಡನ ಸಹಿ ತನ್ನಿ ಅಂದರು. ಎಲ್ಲಿಂದ ತರುವುದು ಹೇಳಿ? ಮೂರು ಸಲ ಅಲೆದೆವು. ಪ್ರತಿ ಸಲವೂ ಒಂದು ದಿನದ ಕೂಲಿ ಹೋಯಿತು, ವಾರಗಳೂ ಕಳೆದವು.

1971ರ ಗರ್ಭಪಾತ ಕಾನೂನಿನಲ್ಲೇ ಗಂಡನ ಸಹಿ ಕೇಳಿಲ್ಲ. 18 ತುಂಬಿದವಳಾದರೆ ಅವಳ ಒಪ್ಪಿಗೆ ಸಾಕು. 2021ರ ತಿದ್ದುಪಡಿ ಆದ ಮೇಲೆ 20 ವಾರದವರೆಗೆ ಒಬ್ಬ ಡಾಕ್ಟರ್ ಒಪ್ಪಿದರೆ ಆಯ್ತು, ಕೆಲವು ಸಂದರ್ಭಗಳಲ್ಲಿ ಇಬ್ಬರು ಒಪ್ಪಿದರೆ 24 ವಾರದವರೆಗೂ ಆಗುತ್ತದೆ. ಮದುವೆ ಆಗದವರಿಗೂ ಈ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ.

ಹೆಣ್ಣು ಅಂತ ಗೊತ್ತಾಗಿ ತೆಗೆಸುವುದು ಬೇರೆ ಮಾತು, ಅದಕ್ಕೆ ನನ್ನ ಪೂರ್ತಿ ವಿರೋಧ ಇದೆ. ಅಲ್ಲೂ ಮನೆಯವರ ಒತ್ತಾಯವೇ ಜಾಸ್ತಿ, ಅಲ್ವಾ?

ನಾನಾಗಿದ್ದರೆ ಬಹುಶಃ ಹೆರುತ್ತಿದ್ದೆ. ಆದರೆ ಅದು ನನ್ನ ತೀರ್ಮಾನ, ಅವಳ ತಲೆ ಮೇಲೆ ಹೇರುವುದಕ್ಕೆ ನಾನು ಯಾರು? ದಯವಿಟ್ಟು ಸಹಿ ಬೇಡ ಅನ್ನುವ ವಿಷಯವನ್ನಾದರೂ ಲೇಖನದಲ್ಲಿ ಸೇರಿಸಿ, ಓದಿದ ಒಬ್ಬಳಿಗಾದರೂ ಈ ಅಲೆದಾಟ ತಪ್ಪಲಿ.