ತಗ್ಗಿಗೊಂದು ತಾನಾನಾ

ಹುಬ್ಬಳ್ಳಿ-ಧಾರವಾಡದಾಗ ತಗ್ಗಿನ ಫೋಟೋ ತಗದು ಅರ್ಜಿ ಕೊಡೂದು ಈಗ ಹಳೇ ಪದ್ಧತಿ. ವಿಡಿಯೋ ಮಾಡಬೇಕು, ಹಿಂದ ‘ಮಾಲ್ಗುಡಿ ಡೇಸ್’ ಟ್ಯೂನ್ ಹಚ್ಚಬೇಕು. ‘ತಾನಾನಾ ತಾನ ನಾನಾ’ ಶುರು ಆತಂದ್ರ, ಮೊಣಕಾಲಮಟ ನೀರಾಗ ಬಂದ್ ಬಿದ್ದ ಸ್ಕೂಟರೂ ಬಾಲ್ಯದ ನೆನಪಾಗಿಬಿಡ್ತದ. ಕೆಳಗ ಮಂದಿ ಬರೀತಾರ, “ಆಹಾ, ಎಂಥಾ ಚಂದ ದಿನಗಳು!” ಅಣ್ಣಾ, ಅದು ನಿನ್ನೆ ಸಂಜಿ ತಗದದ್ದು.

ಎಲ್. ವೈದ್ಯನಾಥನ್ ಅವರು ಈ ಟ್ಯೂನ್ ಕಟ್ಟುವಾಗ ಗಟಾರದ ವಿಚಾರ ಮಾಡಿರಲಿಕ್ಕಿಲ್ಲ. 1980ರ ದಶಕದ ದೂರದರ್ಶನದ ಧಾರಾವಾಹಿ ಅದು. ನಿರ್ದೇಶಕ ನಮ್ಮ ಶಂಕರ್ ನಾಗ್, ಊರು ನಮ್ಮ ಆಗುಂಬೆ, ಮಾತು ಮಾತ್ರ ಹಿಂದಿ-ಇಂಗ್ಲಿಷ್. ನಮ್ಮ ಓಣಿ ಮಂದಿಗೆ ಪೂರಾ ತಿಳಿದದ್ದು ಟ್ಯೂನ್ ಒಂದ. ಅದಕ್ಕ ಇನ್ನೂ ಬಾಯಾಗ ಉಳದದ. ಶಬ್ದ ಇದ್ದಿದ್ರ ಎಂದೋ ಮರೀತಿದ್ವಿ, ಇಲ್ಲಾ ಯಾವದರೆ ಪಕ್ಷ ನಡುವ ತನ್ನ ನಾಯಕರ ಹೆಸರು ತುರುಕತಿತ್ತು.

ಈಗ ಊರಿನ ಎಲ್ಲಾ ಕೊರತಿಗೂ ಇದ ಔಷಧ. ಧೂಳು ತಗೋರಿ. ಹಳೇ ಕಾಲದ ಕಳೆ ಬರಲಿ ಅಂತ ಬ್ಯಾರೆ ಊರಾವ್ರು ಮೊಬೈಲಿನಾಗ ಫಿಲ್ಟರ್ ಹುಡುಕ್ತಾರ. ನಮಗ ಚೆನ್ನಮ್ಮ ಸರ್ಕಲ್‌ನಾಗ ಫುಕಟ್ ಸಿಗ್ತದ. ನಳದ ನೀರಂತೂ ಪಕ್ಕಾ ಧಾರಾವಾಹಿ: ವಾರಕ್ಕೊಮ್ಮೆ ಬರ್ತದ, ಅದರಾಗೂ ಒಮ್ಮೊಮ್ಮೆ ‘ಅಡಚಣೆಗಾಗಿ ಕ್ಷಮಿಸಿ’.

ಇನ್ನ ಸ್ಟೇಶನ್. ಮಾಲ್ಗುಡಿ ಸ್ಟೇಶನ್ ಅಂತ ತೋರಿಸಿದ ಅರಸಾಳು ಸಣ್ಣದು, ಅಲ್ಲೀಗ ಮ್ಯೂಸಿಯಂ ಅದ. ನಮ್ಮದು ಜಗತ್ತಿನಾಗ ಉದ್ದನ್ನ ಪ್ಲಾಟ್‌ಫಾರ್ಮ್, 1,507 ಮೀಟರ್. ಈ ತುದಿಗೆ ಟ್ಯೂನ್ ಹಚ್ಚಿಕೊಂಡು ಬ್ಯಾಗ್ ಎಳಕೊಂತ ಹೊಂಟ್ರ, ಆ ತುದಿ ಬರೂದ್ರಾಗ ಒಂದು ಎಪಿಸೋಡ್ ಮುಗೀತದ. ರೈಲೂ ಹೋಗಿರ್ತದ.

ಇಷ್ಟಕ್ಕೆಲ್ಲಾ ಹುಬ್ಬಳ್ಳಿಯವ್ರು ಲೈಕ್ ಒತ್ತಿ ಸುಮ್ಮನಾಗ್ತಾರ. ಧಾರವಾಡದವ್ರು ಹಂಗ ಬಿಡೂದಿಲ್ಲ. “ಮಲ್ಲಿಕಾರ್ಜುನ ಮನ್ಸೂರರು ಬಾಳಿದ ಊರಾಗ ಗಟಾರಕ್ಕ ಇಂಥಾ ಸಂಗೀತೇನ್ರಿ?” ಅಂತ ಗುಡುಗ್ತಾರ. ಅವರ ಆಕ್ಷೇಪ ಗಟಾರದ ಮ್ಯಾಲಲ್ಲ, ರಾಗದ ಮ್ಯಾಲೆ. ಮುಂಜಾನಿ ಹರಿಯೂ ಗಟಾರಕ್ಕ ತೋಡಿ ಇರಲಿ, ಸಂಜೀದಕ್ಕ ಮಾರವಾ ಅಂತ ಸಾಧನಕೇರಿ ದಂಡಿಗೆ ಪೆನ್ಶನ್‌ದಾರರು ಠರಾವು ಮಾಡ್ಯಾರ. ಮಳಿಗಾಲಕ್ಕ ಮಲ್ಹಾರ ಮಿಯಾಂದೋ ಗೌಡದೋ ಅನ್ನೂದ್ರಾಗ ಭಿನ್ನಾಭಿಪ್ರಾಯ ಬಂದು ಸಭಾ ಮುಂದೂಡ್ಯಾರ. ಗಟಾರಿನ ಮಾತು ಇನ್ನೂ ಅಜೆಂಡಾಕ್ಕ ಬಂದಿಲ್ಲ.